ಬೀಗ ಹಾಕಿದರೆ ಕಟ್ಟಡ ಉಳಿಯುತ್ತಾ?

(ಕುಟುಂಬದ ಗುಂಪು. ಹಂಚಿಕೊಂಡ ವಿಡಿಯೊ: ಕೈರೋದ ಹಳೇ ಪೇಟೆ)

ಪವಿ: ಇದನ್ನೊಮ್ಮೆ ನೋಡಿ. ವಿಕಾಲಾ ಅಲ್-ಘೂರಿ, ಅಂದರೆ ವರ್ತಕರ ಛತ್ರ. 1504-05ರಲ್ಲಿ ಈಜಿಪ್ಟಿನ ಸುಲ್ತಾನ ಘೂರಿ ಕಟ್ಟಿಸಿದ್ದು. ಕೆಳಗೆ ವರ್ತಕರ ಸರಕು, ಮೇಲೆ ಅವರ ಬಿಡಾರ. ಈಗ ಅದೇ ಅಂಗಳದಲ್ಲಿ ತನ್ನೂರಾ ನೃತ್ಯ ನಡೆಯುತ್ತದೆ, ಬಣ್ಣದ ಲಂಗ ತೊಟ್ಟು ಗಿರಗಿರ ತಿರುಗುವುದು.

ದೊಡ್ಡಪ್ಪ: ಚೆಂದ ಇದೆ. ಆದರೆ ಹಳೇ ಕಟ್ಟಡದೊಳಗೆ ಲೈಟು, ಕುರ್ಚಿ ತುಂಬುವುದು ನನಗೆ ಸರಿ ಕಾಣುವುದಿಲ್ಲ. ರಿಪೇರಿ ಮಾಡಿ ಬೀಗ ಹಾಕಲಿ. ನಮ್ಮ ಮಡಿಕೇರಿ ಅರಮನೆಯಲ್ಲಿ ಎಷ್ಟೋ ವರ್ಷ ಕಚೇರಿ ನಡೆಯಿತು. ಮಾಡು ಸೋರುವುದು ತಪ್ಪಿತಾ?

ನಾನು: ದೊಡ್ಡಪ್ಪ, ಬೀಗ ಹಾಕಿದ ಮನೆ ನಮ್ಮೂರಲ್ಲಿ ಎಷ್ಟು ಮಳೆಗಾಲ ತಡೆಯುತ್ತದೆ ಹೇಳಿ. ಒಂದು ಹೆಂಚು ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಪಕ್ಕಾಸು ನೆನೆಯುತ್ತದೆ, ಆಮೇಲೆ ಗೋಡೆ. ಕೈರೋದಲ್ಲಿ ಮಳೆ ತೀರಾ ಕಡಿಮೆ. ಅಲ್ಲಿ ನೀರು ನೆಲದಿಂದ ಏರುತ್ತದೆ. ಅಂತರ್ಜಲ, ಸೋರುವ ಚರಂಡಿ ಎರಡೂ ಸೇರಿ ಸುಣ್ಣಕಲ್ಲಿಗೆ ಇಳಿಯುತ್ತವೆ. ಒಣಗಿದಾಗ ಉಪ್ಪು ಹೊರಬಂದು ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ದಿನಾ ಒಳಗೆ ಓಡಾಡುವವರು ಇದ್ದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅರಮನೆಯಲ್ಲಿ ಜನ ಇದ್ದರು, ನಿಜ. ಮಾಡು ನೋಡುವುದು ತಮ್ಮ ಕೆಲಸ ಅಂತ ಯಾರೂ ಅಂದುಕೊಳ್ಳಲಿಲ್ಲ.

ದೊಡ್ಡಪ್ಪ: ಹಾಗಂತ ಮಸೀದಿಯಲ್ಲೂ ಕಾರ್ಯಕ್ರಮ ಮಾಡುವುದಾ?

ನಾನು: ಖಂಡಿತ ಬೇಡ. ನಮಾಜ್ ನಡೆಯುವ ಕಡೆ ನಮಾಜೇ ನಡೆಯಲಿ. ನಾನು ಹೇಳುವುದು ಮೊದಲಿನ ಕೆಲಸ ನಿಂತುಹೋದ ಕಟ್ಟಡಗಳ ಬಗ್ಗೆ. ಅಲ್ಲಿ ಸಬೀಲ್ ಅಂತ ಇವೆ, ನಮ್ಮ ಅರವಟ್ಟಿಗೆಯ ಹಾಗೆ. ಕಂಚಿನ ಜಾಲರಿಯ ಕಿಟಕಿಯಿಂದ ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಮನೆಮನೆಗೆ ನಲ್ಲಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಆಗ ಈಜಿಪ್ಟ್ ಆಳುತ್ತಿದ್ದ ಮಹಮ್ಮದ್ ಅಲಿ ತೀರಿಹೋದ ಮಗನ ನೆನಪಿಗೆ 1828ರಲ್ಲಿ ಕಟ್ಟಿಸಿದ ಸಬೀಲ್ 2010ರಿಂದ ಬಟ್ಟೆಗಳ ಮ್ಯೂಸಿಯಂ ಆಗಿದೆ.

ಅತ್ತೆ: ನಮ್ಮ ಕೋಟೆಯೊಳಗಿನ ಚರ್ಚೂ ಈಗ ಮ್ಯೂಸಿಯಂ ತಾನೇ? ವೀರಗಲ್ಲು, ಮೂರ್ತಿ ಎಲ್ಲಾ ಅಲ್ಲೇ ಇವೆ. ಇನ್ನು ವಿಡಿಯೊದಲ್ಲಿ ಕಾಣುವ ಗುಮ್ಮಟ ನಮಗೇನು ಹೊಸದಾ? ಓಂಕಾರೇಶ್ವರ ದೇವಸ್ಥಾನಕ್ಕೂ ಇದೆ, ರಾಜರ ಗದ್ದಿಗೆಗೂ ಇದೆ.

ದೊಡ್ಡಪ್ಪ: ಸರಿ, ಮ್ಯೂಸಿಯಂ ಒಪ್ಪಿದೆ. ಆದರೆ ಪ್ರವಾಸಿಗರು ಬಂದ ಮೇಲೆ ಸುತ್ತಲಿನವರ ಗತಿ? ಹೋಂಸ್ಟೇ ಜಾಸ್ತಿಯಾದ ಮೇಲೆ ಇಲ್ಲಿ ಬಾಡಿಗೆಗೆ ಒಂದು ಮನೆ ಸಿಗುತ್ತಾ?

ನಾನು: ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಅದಕ್ಕೇ ಕೈರೋದ ದರ್ಬ್ ಅಲ್-ಅಹ್ಮರ್ ಕೇರಿಯ ಕೆಲಸ ನನಗೆ ಇಷ್ಟ. ಹಳೇ ಕಟ್ಟಡಗಳನ್ನು ಉಳಿಸುವ ಆಗಾ ಖಾನ್ ಟ್ರಸ್ಟಿನವರು ಆ ಕೇರಿಯ ಪಕ್ಕದ ಕಸಕಡ್ಡಿಯ ದಿಬ್ಬದ ಮೇಲೆ ಅಲ್-ಅಝರ್ ಪಾರ್ಕ್ ಮಾಡಿದರು, 2005ರಲ್ಲಿ ತೆರೆಯಿತು. ಮಣ್ಣು ತೆಗೆಯುವಾಗ ಅಯ್ಯೂಬಿ ಅರಸರ ಕಾಲದ (12-13ನೇ ಶತಮಾನ) ಕೋಟೆಗೋಡೆ ಹೊರಬಂತು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗೋಡೆಗೆ ಅಂಟಿಕೊಂಡಿದ್ದ ಬಡವರ ಮನೆಗಳನ್ನೂ ರಿಪೇರಿ ಮಾಡಿಸಿದರು. ಅಲ್ಲಿನ ಹುಡುಗರಿಗೇ ಕಲ್ಲಿನ, ಮರದ ಕೆಲಸ ಕಲಿಸಿದರು.

ದೊಡ್ಡಪ್ಪ: ಅದೆಲ್ಲ ದುಡ್ಡಿದ್ದವರ ಕೆಲಸ.

ನಾನು: ಮಳೆ ಹಿಡಿಯುವ ಮುಂಚೆ ಮಾಡು ಹತ್ತಿ ನೋಡಲು ಎಷ್ಟು ದುಡ್ಡು ಬೇಕು? ಯಾವ ಕಟ್ಟಡವನ್ನು ಯಾರಿಗೇ ಕೊಡಲಿ, ಆ ಕೆಲಸ ಯಾರದು ಅಂತ ಕರಾರಿನಲ್ಲೇ ಬರೆಸಬೇಕು. ನಾವು ಒಂದು ಅರ್ಜಿ ಕೊಡೋಣ.

ದೊಡ್ಡಪ್ಪ: ಬರೆದು ಕಳಿಸು, ಸಹಿ ಹಾಕುತ್ತೇನೆ. ಅರಮನೆಗೆ ಮತ್ತೆ ಕಚೇರಿ ಬೇಡ ಅಂತಲೂ ಸೇರಿಸು.