ಹಳೆಯ ಕಂಪ್ಯೂಟರ್ ಬದಲಿಸಬೇಕಾಗಿದೆ: ಈಗಲೇ ಕೊಳ್ಳಲೇ, ಬೆಲೆ ಇಳಿಯುವವರೆಗೆ ತಡೆಯಲೇ?

ನಕ್ಷೆಗಾರ (ಮಂಡ್ಯ)

ಗುತ್ತಲು ರಸ್ತೆಯಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಚಿಕ್ಕ ಕಚೇರಿ ನನ್ನದು. 2017ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲೇ ಇಂದಿಗೂ ಕೆಲಸ ನಡೆಯುತ್ತಿದೆ: ಇಂಟೆಲ್‌ನ ಏಳನೇ ಜನರೇಷನ್ನಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆಟೋಕ್ಯಾಡ್‌ನಲ್ಲಿ ಟು-ಡಿ ನಕ್ಷೆ ಬಿಟ್ಟರೆ ಬೇರೆ ಕೆಲಸವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತುಹೋಯಿತು. ಎಂಟನೇ ಜನರೇಷನ್ನಿಗಿಂತ ಹಿಂದಿನದಾದ್ದರಿಂದ ವಿಂಡೋಸ್ 11 ಇದರಲ್ಲಿ ಕೂರುವುದಿಲ್ಲ. ಚೀಟಿ ಎತ್ತಿದ 60,000 ರೂಪಾಯಿ ಕೈಯಲ್ಲಿದೆ. ರ‍್ಯಾಮ್ ಬೆಲೆ ವಾರಕ್ಕೊಮ್ಮೆ ಏರುತ್ತಿದೆ, ಇವತ್ತೇ ಮುಂಗಡ ಕೊಡಿ ಎಂದು ಅಂಗಡಿಯವರು ಹೇಳುತ್ತಾರೆ. ಏರಿದ್ದು ಇಳಿಯಲೇಬೇಕು, ತಡೆದುಕೋ ಎಂದು ತಮ್ಮ ಹೇಳುತ್ತಾನೆ. ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಅಚ್ಚುಮೊಳೆ (ಮೈಸೂರು)

ಕಾಯುವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಶಿವರಾಂಪೇಟೆಯಲ್ಲಿ ಡಿಟಿಪಿ ಮತ್ತು ಮದುವೆ ಆಲ್ಬಂ ಮಾಡುವ ಅಂಗಡಿ ನನ್ನದು. 2020ರ ದೀಪಾವಳಿಯ ಹೊತ್ತಿಗೆ ನನ್ನ ಗ್ರಾಫಿಕ್ಸ್ ಕಾರ್ಡ್ ಪರದೆಯ ಮೇಲೆ ಹಸಿರು ಗೆರೆ ಎಳೆಯತೊಡಗಿತು. ಹೊಸ ಆರ್‌ಟಿಎಕ್ಸ್ 3060 ಇನ್ನೇನು ಬಂದೇಬಿಡುತ್ತದೆ, ಹಳೆಯದಕ್ಕೆ ಯಾಕೆ ದುಡ್ಡು ಹಾಕುತ್ತೀರಿ ಎಂದು ತಿಳಿದವರೊಬ್ಬರು ಹೇಳಿದ ಮಾತನ್ನು ನಂಬಿ ಕುಳಿತೆ. 2021ರ ಫೆಬ್ರವರಿಯಲ್ಲಿ ಕಾರ್ಡ್ ಪ್ರಪಂಚಕ್ಕೆ ಬಂತೇ ಹೊರತು ಮೈಸೂರಿನ ಅಂಗಡಿಗೆ ಬರಲಿಲ್ಲ, ಏಕೆಂದರೆ ಬಂದಬಂದದ್ದನ್ನೆಲ್ಲ ಇಥೀರಿಯಮ್‌ನಂಥ ಕ್ರಿಪ್ಟೊ ನಾಣ್ಯ ಗಳಿಸಲು ಈ ಕಾರ್ಡುಗಳನ್ನೇ ಓಡಿಸುವ ಮೈನಿಂಗ್‌ನವರು ಸಗಟಾಗಿ ಎತ್ತುತ್ತಿದ್ದರು. ಆ ಮಾಘ, ಫಾಲ್ಗುಣಗಳಲ್ಲಿ ಹನ್ನೊಂದು ಆಲ್ಬಂ ಕೈತಪ್ಪಿದವು. ಕೊನೆಗೆ ಜುಲೈಯಲ್ಲಿ 58,000 ಕೊಟ್ಟು ತಂದೆ. ಅದೂ ಜೊತೆಗೊಂದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಕೊಂಡರೆ ಮಾತ್ರ ಕೊಡುತ್ತೇವೆಂದು ಹಟ ಹಿಡಿದು ನನಗೆ ಬೇಡವಾದ 5,200 ರೂಪಾಯಿಯ ಸಾಮಾನನ್ನು ತಲೆಗೆ ಕಟ್ಟಿದರು. ಅದು ಇಂದಿಗೂ ಅಟ್ಟದ ಮೇಲೆ ಡಬ್ಬಿಯೊಳಗಿದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಆ ದಸರಾ ಮುಗಿಯುವಷ್ಟರಲ್ಲಿ ಅದೇ ಅಂಗಡಿಯಲ್ಲಿ ಅದೇ ಕಾರ್ಡ್ 31,000ಕ್ಕೆ ಸಿಗುತ್ತಿತ್ತು. ಬೇಕಾದ ದಿನ ಕೊಳ್ಳಿ, ಕಾಯಬೇಡಿ.

ಕಬ್ಬಿನಗದ್ದೆ (ಮಂಡ್ಯ)

ಅಚ್ಚುಮೊಳೆಯವರೇ, ಕಾದು ಕೆಟ್ಟದ್ದಕ್ಕಿಂತ ಕಾದು ಸುಸ್ತಾಗಿ ಬೆಲೆ ತುದಿ ಮುಟ್ಟಿದ ದಿನ ಕೊಂಡು ಕೆಟ್ಟಿದ್ದೀರಿ. ಅದನ್ನು ಕಾಯುವುದರ ತಪ್ಪೆಂದು ಹೇಳುವುದು ಸರಿಯಲ್ಲ.

ಆರಿಸಬೇಕಾದದ್ದು ಮದರ್‌ಬೋರ್ಡನ್ನು. ನಾನು 2019ರ ಆಯುಧಪೂಜೆಗೆ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬಿ450 ಬೋರ್ಡಿಗೆ ಎಎಂಡಿಯ ರೈಜನ್ 5 3600 ಪ್ರೊಸೆಸರ್ ಹಾಕಿಸಿದೆ. ನಾಲ್ಕು ವರ್ಷದ ಮೇಲೆ ಅದೇ ಬೋರ್ಡಿಗೆ ರೈಜನ್ 5 5600 ಹಾಕಿದೆ: ಹೊಸದಕ್ಕೆ 11,200, ಹಳೆಯದನ್ನು ಮಾರಿ ಬಂದದ್ದು 5,000, ಹೀಗೆ 6,200 ರೂಪಾಯಿಗೆ ಹೊಸ ಯಂತ್ರ ಸಿಕ್ಕಿತು. ಇಂಟೆಲ್ ಕೊಂಡವರಿಗೆ ಎರಡು ಜನರೇಷನ್ ಕಳೆಯುತ್ತಿದ್ದಂತೆ ಬೋರ್ಡ್ ಬದಲಿಸುವ ಯೋಗ.

ಮುಚ್ಚಿಡುವುದೇಕೆ, ನಡುವೆ ಒಂದು ಕಷ್ಟವನ್ನೂ ಉಂಡಿದ್ದೇನೆ. ಹೊಸ ಪ್ರೊಸೆಸರ್ ಗುರುತು ಹಿಡಿಯಲು ಬೋರ್ಡಿನ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಆಗಬೇಕು. ಅದು ಶೇಕಡಾ 60 ದಾಟಿದಾಗ ಕರೆಂಟ್ ಹೋಯಿತು, ಯುಪಿಎಸ್‌ನ ಬ್ಯಾಟರಿ ಆರು ತಿಂಗಳ ಹಿಂದೆಯೇ ಸತ್ತಿತ್ತು. ಬಳಿಕ ಫ್ಯಾನ್ ತಿರುಗುವುದು, ಪರದೆ ಕಪ್ಪು. ಬೋರ್ಡನ್ನು ಟವಲಿನಲ್ಲಿ ಸುತ್ತಿಕೊಂಡು ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಹುಡುಗನೊಬ್ಬ ಅಕ್ಕಿಕಾಳಿನಷ್ಟಿದ್ದ ಎಂಟು ಕಾಲಿನ ಚಿಪ್ಪಿಗೆ ಬಟ್ಟೆ ಕ್ಲಿಪ್ಪಿನಂಥದ್ದನ್ನು ಕಚ್ಚಿಸಿ, ಹತ್ತು ನಿಮಿಷದಲ್ಲಿ ಬಯೋಸನ್ನು ಮತ್ತೆ ಬರೆದು 800 ರೂಪಾಯಿ ತೆಗೆದುಕೊಂಡ. ರೈಲು, ಊಟ, ಒಂದು ದಿನದ ಕೆಲಸ ಎಲ್ಲ ಸೇರಿಸಿದರೂ ನನಗೇ ಲಾಭ.

ಸಾವಿರಮೆಟ್ಟಿಲು (ಮೈಸೂರು)

ತಪ್ಪು ಮಾಹಿತಿ ಕೊಡಬೇಡಿ ಸ್ವಾಮಿ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ 12, 13, 14 ಎಂದು ಮೂರು ಜನರೇಷನ್ ಕೂರುತ್ತವೆ.

ಆದರೆ ಕೂರುತ್ತವೆ ಎಂಬುದರಿಂದ ಯಾರಿಗೆ ಏನು ಬಂತು? 2022ರಲ್ಲಿ ನಾನು ಐ5 12400 ಕೊಂಡಾಗ, ಮುಂದೆ ಅಪ್‌ಗ್ರೇಡ್ ಮಾಡುತ್ತೇನೆಂಬ ಭ್ರಮೆಯಲ್ಲಿ ನಾಲ್ಕು ರ‍್ಯಾಮ್ ಸ್ಲಾಟಿನ ಬೋರ್ಡಿಗೆ 6,000, 450 ವಾಟ್ ಸಾಕಾಗುವಲ್ಲಿ 750 ವಾಟ್ ಎಸ್‌ಎಂಪಿಎಸ್‌ಗೆ 3,400, ದೊಡ್ಡ ಕಾರ್ಡ್ ಹಿಡಿಸುವ ಕ್ಯಾಬಿನೆಟ್ಟಿಗೆ 2,500, ಒಟ್ಟು 11,900 ರೂಪಾಯಿಯನ್ನು ಹೆಚ್ಚುವರಿಯಾಗಿ ಸುರಿದೆ. ಅಲ್ಲಿಂದೀಚೆಗೆ ಆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದಿರುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಧೂಳು ಹೊಡೆದು ಕುಂಕುಮ ಹಚ್ಚಲಿಕ್ಕೆ. ಎರಡು ಸ್ಲಾಟ್ ಹಾಗೆಯೇ ಬಾಯ್ತೆರೆದು ಕುಳಿತಿವೆ. ಇವತ್ತಿನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೊಳ್ಳಬೇಕು.

ಕಬ್ಬಿನಗದ್ದೆ (ಮಂಡ್ಯ)

ಮೂರು ಎಂದು ಎಣಿಸಿದಿರಲ್ಲ, ಆ 13 ಮತ್ತು 14ರ ಮೇಲ್ದರ್ಜೆಯ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾಗಿ, 2024ರ ಆಗಸ್ಟ್‌ನಲ್ಲಿ ಇಂಟೆಲ್ ತಾನೇ ಮೈಕ್ರೋಕೋಡ್ ತಿದ್ದುಪಡಿ ಬಿಡುಗಡೆ ಮಾಡಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು ಎಂಬುದನ್ನೂ ಹೇಳಬಹುದಿತ್ತು. ನೀವು ಬಾಗಿಲು ತೆಗೆಯಲಿಲ್ಲವೆಂದರೆ ಅದು ಬೋರ್ಡಿನ ತಪ್ಪೇ?

ಸಾವಿರಮೆಟ್ಟಿಲು (ಮೈಸೂರು)

ನನ್ನದು 12ನೇ ಜನರೇಷನ್ನು ಎಂದು ಮೇಲೆಯೇ ಬರೆದಿದ್ದೇನೆ. ಓದಿ ಮಾತನಾಡಿ. ಬೋರ್ಡನ್ನು ಟವಲಿನಲ್ಲಿ ಸುತ್ತಿಕೊಂಡು ರೈಲು ಹತ್ತುವ ಪರಿಸ್ಥಿತಿಯಂತೂ ನನಗೆ ಬಂದಿಲ್ಲ.

ವೀಳ್ಯದೆಲೆ (ಮೈಸೂರು)

ಡೆಸ್ಕ್‌ಟಾಪಿನವರು ಸ್ಲಾಟಿನ ಬಗ್ಗೆ ಜಗಳವಾಡುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಮಗಳು ಎಂಜಿನಿಯರಿಂಗ್ ಸೇರಿದಾಗ, 2024ರ ಆಗಸ್ಟ್‌ನಲ್ಲಿ, ಒಂದು ಹೆಸರಾಂತ ಕಂಪನಿಯ ಲ್ಯಾಪ್‌ಟಾಪ್ ಕೊಡಿಸಿದೆವು. ಲಕ್ಷ ದಾಟಿದ ಬೆಲೆ, ಬ್ಯಾಂಕಿನ ಒಂದು ಆರ್‌ಡಿ ಮುರಿದು ಕೊಟ್ಟದ್ದು. ಅದರಲ್ಲಿದ್ದದ್ದು 8 ಜಿಬಿ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಸೇರಿಸಲು ಬರುವುದಿಲ್ಲ ಎಂಬುದನ್ನು ಮಾರಿದವರು ಹೇಳಲಿಲ್ಲ, ನಾವು ಕೇಳಲಿಲ್ಲ. ಇನ್ನೂ ಕಾರ್ತಿಕ ದೀಪ ಹಚ್ಚಿರಲಿಲ್ಲ, ಅದೇ ಮಾಡೆಲನ್ನು ಅದೇ ಬೆಲೆಗೆ 16 ಜಿಬಿ ಮಾಡಿ ಮಾರತೊಡಗಿದರು. ಎರಡನೇ ವರ್ಷದಲ್ಲಿ ಅವಳ ಪ್ರಾಜೆಕ್ಟಿಗೆ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಬೇಕಾಯಿತು. ಅದನ್ನು ತೆರೆದರೆ ಬ್ರೌಸರ್ ಮುಚ್ಚಬೇಕು, ಬ್ರೌಸರ್ ತೆರೆದರೆ ಅದನ್ನು ಮುಚ್ಚಬೇಕು. ಅವಳು ಏನೂ ಹೇಳುವುದಿಲ್ಲ, ಗೆಳತಿಯ ಮನೆಗೆ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಾಳೆ. ಎರಡು ತಿಂಗಳು ತಡೆದಿದ್ದರೆ ಸಾಕಿತ್ತು. ನನ್ನ ಮಟ್ಟಿಗೆ ಕಾಯುವುದೇ ಸರಿ.

ಹೆಬ್ಬಾಳ್‌ಶಿಫ್ಟ್ (ಮೈಸೂರು)

ಅಮ್ಮಾ, ಅದು 2024ರ ಕಥೆ. ಈಗ ಕಾದವರಿಗೆ ಬೆಂಕಿ ಬೀಳುತ್ತಿದೆ. ನಾನು 2025ರ ಆಗಸ್ಟ್‌ನಲ್ಲಿ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಅಂಗಡಿಗೆ ಹೋಗಿ, 32 ಜಿಬಿ ಡಿಡಿಆರ್5 ರ‍್ಯಾಮ್ ಜೋಡಿಯನ್ನು 8,700 ರೂಪಾಯಿಗೆ ತಂದೆ. ಮೊನ್ನೆ ಸಹೋದ್ಯೋಗಿಯೊಬ್ಬರಿಗಾಗಿ ಅಲ್ಲಿಯೇ ವಿಚಾರಿಸಿದರೆ 27,000 ಎಂದರು, ಅದೂ ಸಂಜೆಯವರೆಗೆ ಮಾತ್ರ ಆ ಬೆಲೆ. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚಾದ್ದರಿಂದ ತಯಾರಕರು ಕಾರ್ಖಾನೆಗಳನ್ನು ಆ ಕಡೆಗೆ ತಿರುಗಿಸಿದ್ದಾರೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ಮೆಮೊರಿ ವ್ಯವಹಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ನಾನು ಆಗಲೇ ಎಲ್ಲರಿಗೂ ಹೇಳಿದ್ದೆ.

ಅಚ್ಚುಮೊಳೆ (ಮೈಸೂರು)

ಆಗಸ್ಟ್‌ನಲ್ಲಿ ತಮಗೆ ಇದೆಲ್ಲ ತಿಳಿದಿತ್ತೇ? ಪಾಳಿ ಮುಗಿಸಿ ದಾರಿಯಲ್ಲಿ ಕೊಂಡದ್ದು ಅದೃಷ್ಟ, ಅದನ್ನು ಜಾಣತನವೆಂದು ಮಾರಬೇಡಿ.

ಬೆರಳಚ್ಚು (ಮೈಸೂರು)

ನಾನು ನಿವೃತ್ತ ಬೆರಳಚ್ಚುಗಾರ, ಈಗ ಅನುವಾದ ಮಾಡಿಕೊಂಡಿದ್ದೇನೆ. ನನ್ನ ಯಂತ್ರ ನಕ್ಷೆಗಾರರದಕ್ಕಿಂತಲೂ ಒಂದು ಜನರೇಷನ್ ಹಳೆಯದು. ಹಾರ್ಡ್ ಡಿಸ್ಕ್ ತೆಗೆದು 2,600 ರೂಪಾಯಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿಸಿದೆ, ವಿಂಡೋಸ್ ಅಳಿಸಿ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ತೆರೆದುಕೊಳ್ಳುತ್ತಿದ್ದ ಯಂತ್ರ ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಕೊಳ್ಳುವುದೂ ಬೇಡ, ಕಾಯುವುದೂ ಬೇಡ.

ಅಚ್ಚುಮೊಳೆ (ಮೈಸೂರು)

ಅವರ ಕೆಲಸ ಆಟೋಕ್ಯಾಡ್‌ನಲ್ಲಿ, ಅದು ಲಿನಕ್ಸ್‌ಗೆ ಬರುವುದಿಲ್ಲ. ಅದಿರಲಿ, ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ, ಅದರದೇ ಫಾಂಟ್ ಇಲ್ಲದೆ ಓದಲಾಗದ ಹಳೆಯ ಆಸ್ಕಿ ಕಡತಗಳನ್ನು ಏನು ಮಾಡಿದಿರಿ? ನನ್ನಲ್ಲಿ ಹದಿನೈದು ವರ್ಷದ ಲಗ್ನಪತ್ರಿಕೆಗಳು ಹಾಗೆಯೇ ಇವೆ. ಅವನ್ನು ಬಿಟ್ಟು ಲಿನಕ್ಸ್‌ಗೆ ಹೋಗಿ ಎನ್ನುವವರಿಗೆ ಅಂಗಡಿ ನಡೆಸಿ ಗೊತ್ತಿಲ್ಲ.

ಬೆರಳಚ್ಚು (ಮೈಸೂರು)

ಎಲ್ಲ ಯಂತ್ರಗಳಲ್ಲೂ ಓದಲಾಗುವ ಯೂನಿಕೋಡಿಗೆ ಪರಿವರ್ತಿಸಿದೆ. ಒತ್ತಕ್ಷರ ಕೆಟ್ಟ ಕಡೆ ಕೈಯಲ್ಲಿ ತಿದ್ದಿದೆ, ನಲವತ್ತು ದಿನ ಹಿಡಿಯಿತು. ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಇದೆ. ತಾವು ಹದಿನೈದು ವರ್ಷ ಮುಂದೂಡಿದ ಕೆಲಸಕ್ಕೆ ನನ್ನನ್ನು ಬಯ್ಯುವುದು ಬೇಡ.

ನಕ್ಷೆಗಾರ (ಮಂಡ್ಯ)

ಎಲ್ಲರಿಗೂ ವಂದನೆಗಳು. ಬೆರಳಚ್ಚು ಅವರ ಮಾತಿನಲ್ಲಿ ಅರ್ಧವನ್ನು ಮಾತ್ರ ನಡೆಸಿದ್ದೇನೆ. ನಿನ್ನೆ ಅಂಗಡಿಗೆ ಹೋಗಿ, ವಿಂಡೋಸ್ ಹಾಗೆಯೇ ಉಳಿಯುವಂತೆ ಎಸ್‌ಎಸ್‌ಡಿಗೆ ನಕಲು ಮಾಡಿಸಿ ಹಾಕಿಸಿದೆ. 500 ಜಿಬಿಗೆ 3,400, ಕೂಲಿ 300. ಗಡಿಯಾರ ಹಿಡಿದು ನೋಡಿದೆ, ಆಟೋಕ್ಯಾಡ್ ತೆರೆಯಲು ಎರಡು ನಿಮಿಷದ ಹತ್ತಿರ ಹಿಡಿಯುತ್ತಿದ್ದದ್ದು ಇಪ್ಪತ್ತೆಂಟು ಸೆಕೆಂಡಿಗೆ ಬಂದಿದೆ. ಮನೆ ಬಳಕೆಯವರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆ ಇದೆ, ಅದಕ್ಕೆ ನೋಂದಾಯಿಸಿಕೊಂಡೆ. ಚೀಟಿ ಹಣದಲ್ಲಿ ಉಳಿದದ್ದನ್ನು ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಕಬ್ಬಿನಗದ್ದೆ (ಮಂಡ್ಯ)

3,400 ಹೆಚ್ಚಾಯಿತು, ನಮ್ಮೂರಿನಲ್ಲೇ ಇದ್ದುಕೊಂಡು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಹೆಬ್ಬಾಳ್‌ಶಿಫ್ಟ್ (ಮೈಸೂರು)

ಎಸ್‌ಎಸ್‌ಡಿ ಬೆಲೆಯೂ ಏರಿದೆ ಸ್ವಾಮಿ, ಹಳೆಯ ಬೆಲೆ ಮರೆತುಬಿಡಿ. ವಾರಂಟಿಗೆ ಜಿಎಸ್‌ಟಿ ಬಿಲ್ ಪಡೆದುಕೊಂಡಿರಿ ತಾನೇ?

ನಕ್ಷೆಗಾರ (ಮಂಡ್ಯ)

ಕೇಳಿದೆ. ಬಿಲ್ ಬೇಕಾದರೆ ಶೇಕಡಾ 18 ಸೇರಿಸಿ ಕೊಡಿ ಎಂದರು. ಬೇಡವೆಂದದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂದೆ ದಿನಾಂಕ ಹಾಕಿ, ‘3 ವರ್ಷ’ ಎಂದು ಬರೆದುಕೊಟ್ಟಿದ್ದಾರೆ.