ಮೇಜಿನ ಮೇಲಿಡುವ ಮೈಕ್ ಮ್ಯೂಟ್ ಸ್ವಿಚ್: ಯಾವುದು ತಗೊಳ್ಳೋದು?

ಸಂಜೆಪಾಠ
ನಮಸ್ಕಾರ. ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಝೂಮ್‌ನಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಮೈಕ್ ಶ್ಯೂರ್ ಎಸ್‌ಎಂ58. ಅದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಸ್ಕಾರ್ಲೆಟ್ ಸೋಲೋ ಅನ್ನುವ ಆಡಿಯೋ ಇಂಟರ್‌ಫೇಸ್‌ಗೆ ಹೋಗುತ್ತದೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ದನಿ ಚೆನ್ನಾಗಿದೆ, ಆ ಬಗ್ಗೆ ದೂರಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಟೈಲ್ಸ್ ಕಟರ್ ಯಾವಾಗ ಶುರುವಾಗುತ್ತದೋ ಗೊತ್ತಾಗಲ್ಲ. ಜೊತೆಗೆ ನನ್ನ ಕೆಮ್ಮು ಬೇರೆ. ಝೂಮ್ ಕಿಟಕಿ ಹುಡುಕಿ, ಮೌಸ್ ಒಯ್ದು ಮ್ಯೂಟ್ ಒತ್ತುವಷ್ಟರಲ್ಲಿ ಕೆಮ್ಮಿ ಮುಗಿದಿರುತ್ತದೆ. ಆಲ್ಟ್ ಮತ್ತು ಎ ಒತ್ತಿ ಅಂತ ಹೇಳುವವರಿಗೆ ಒಂದು ಮಾತು: ನನ್ನ ಮುಂದೆ ಸದಾ ಎಕ್ಸೆಲ್ ತೆರೆದಿರುತ್ತದೆ, ಅಲ್ಲಿ ಅದನ್ನೇ ಒತ್ತಿದರೆ ಡೇಟಾ ಟ್ಯಾಬ್ ತೆರೆದುಕೊಳ್ಳುತ್ತದೆ!

ಕೈಗೆ ಸಿಗುವಂಥ ಒಂದು ಗುಂಡಿ ಸಾಕು. ಒತ್ತಿ ಹಿಡಿಯುವುದು ಒಳ್ಳೆಯದಾ, ಒಮ್ಮೆ ಒತ್ತಿದರೆ ಹಾಗೇ ನಿಲ್ಲುವುದಾ? ಒತ್ತಿದಾಗ ಟಪ್ ಅಂತ ಸದ್ದು ಬರಬಾರದು.

ತಂತಿಮನೆ
ಎಕ್ಸ್‌ಎಲ್‌ಆರ್ ಮೈಕ್ ಆದ್ದರಿಂದ ನಿಮ್ಮ ಕೆಲಸ ಸುಲಭ. ಕೇಬಲ್ ನಡುವೆ ಕೂರುವ ಸಣ್ಣ ಡಬ್ಬಿ ಬೇಕು, ಅಷ್ಟೇ. ಆದರೆ ಒಳಗೆ ಏನು ಮಾಡಿದ್ದಾರೆ ಅಂತ ಕೇಳಿ ತಗೊಳ್ಳಿ.

ಕೆಲವು ಅಗ್ಗದ ಡಬ್ಬಿಗಳಲ್ಲಿ ಸ್ವಿಚ್ ಒತ್ತಿದರೆ ತಂತಿಯೇ ಕಟ್ ಆಗುತ್ತದೆ. ಆಗ ಇಂಟರ್‌ಫೇಸ್‌ನ ಇನ್‌ಪುಟ್ ಬಾಯಿ ತೆರೆದುಕೊಂಡು ಕೂತಿರುತ್ತದೆ, ಗುಂಯ್ ಅನ್ನುವ ಹಮ್ ಎಳೆದುಕೊಳ್ಳುತ್ತದೆ. ಮೇಲಿಂದ 48 ವೋಲ್ಟ್ ಫ್ಯಾಂಟಮ್ (ಇಂಟರ್‌ಫೇಸ್ ಅದೇ ಕೇಬಲ್‌ನಲ್ಲಿ ಮೈಕ್‌ಗೆ ಕೊಡುವ ಕರೆಂಟ್) ಆನ್ ಇದ್ದರಂತೂ ಪ್ರತಿ ಸಲವೂ ಧಡ್ ಅಂತ ಹೊಡೆಯುತ್ತದೆ, ಹೆಡ್‌ಫೋನ್ ಹಾಕಿಕೊಂಡ ಮಕ್ಕಳ ಕಿವಿ ಗತಿ ಏನು?

ಸರಿಯಾದ ದಾರಿ 2ನೇ ಪಿನ್ನನ್ನೂ 3ನೇ ಪಿನ್ನನ್ನೂ ಒಂದಕ್ಕೊಂದು ಶಾರ್ಟ್ ಮಾಡುವುದು. ದನಿ ಇರುವುದೇ ಆ ಎರಡರ ನಡುವಿನ ವ್ಯತ್ಯಾಸದಲ್ಲಿ. ಶಾರ್ಟ್ ಆದ ಕೂಡಲೇ ವ್ಯತ್ಯಾಸ ಸೊನ್ನೆ, ದನಿಯೂ ಇಲ್ಲ. ಫ್ಯಾಂಟಮ್ ಎರಡೂ ಪಿನ್‌ಗೆ ಒಂದೇ ಮಟ್ಟದಲ್ಲಿ, 6.8 ಕಿಲೋಓಮ್ ರೆಸಿಸ್ಟರ್ ಮೂಲಕ ಬರುವುದರಿಂದ ಅದಕ್ಕೆ ಏನೂ ಗೊತ್ತೇ ಆಗುವುದಿಲ್ಲ. ನಿಮ್ಮ ಎಸ್‌ಎಂ58ಗೆ ಫ್ಯಾಂಟಮ್ ಬೇಕಾಗಿಯೇ ಇಲ್ಲ, ಆಫ್ ಮಾಡಿಡಿ. ನಾಳೆ ಫ್ಯಾಂಟಮ್ ಬೇಕಾಗುವ ಕಂಡೆನ್ಸರ್ ಮೈಕ್ ತಂದರೂ ಈ ಡಬ್ಬಿಯೇ ನಡೆಯುತ್ತದೆ. ರೆಡಿಮೇಡ್ ಬೇಕಂದ್ರೆ ರೋಲ್ಸ್ ಎಂಎಸ್111 ನೋಡಿ, ನೀವು ಕೇಳಿದ ಎರಡೂ ರೀತಿಗೆ ಹೊಂದಿಸಿಕೊಳ್ಳಬಹುದು.

ಕೀಲಿಮಣೆ
ಇಷ್ಟಕ್ಕೆಲ್ಲ ಡಬ್ಬಿ ಯಾಕೆ? ಝೂಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ತೆಗೆಯಿರಿ. ಮ್ಯೂಟ್ ಶಾರ್ಟ್‌ಕಟ್ ಬದಲಾಯಿಸಿ, ಎಕ್ಸೆಲ್ ಬಳಸದ ಯಾವುದಾದರೂ ಜೋಡಿ ಕೊಡಿ. ಪಕ್ಕದ ಗ್ಲೋಬಲ್ ಅನ್ನುವುದಕ್ಕೆ ಟಿಕ್ ಹಾಕಿದರೆ ಯಾವ ಕಿಟಕಿಯಲ್ಲಿದ್ದರೂ ಕೆಲಸ ಮಾಡುತ್ತದೆ. ಆಮೇಲೆ ಒಂದೆರಡು ಕೀ ಇರುವ ಪುಟ್ಟ ಯುಎಸ್‌ಬಿ ಮ್ಯಾಕ್ರೋ ಪ್ಯಾಡ್ ತಂದು ಅದೇ ಜೋಡಿ ಹಾಕಿ. ದೊಡ್ಡ ಲಾಭ ಅಂದ್ರೆ ಸ್ಕ್ರೀನ್ ಮೇಲೆ ಕೆಂಪು ಮೈಕ್ ಕಾಣುತ್ತದೆ, ಮಕ್ಕಳಿಗೂ ಕಾಣುತ್ತದೆ. ಡಬ್ಬಿಯಲ್ಲಿ ಮ್ಯೂಟ್ ಮಾಡಿದರೆ ಝೂಮ್‌ಗೆ ಗೊತ್ತಾಗಲ್ಲ. ನೀವು ಮ್ಯೂಟ್‌ನಲ್ಲೇ ಇಡೀ ಬ್ಯಾಲೆನ್ಸ್ ಶೀಟ್ ಹೇಳಿ ಮುಗಿಸಿರ್ತೀರಿ.

ತಂತಿಮನೆ
ಆ ಮಾತು ಒಪ್ಪಿದೆ. ಆದರೆ ನಾಳೆ ಗೂಗಲ್ ಮೀಟ್‌ನಲ್ಲಿ ಪಾಠ ಅಂದ್ರೆ ಅಲ್ಲಿ ಕಂಟ್ರೋಲ್ ಮತ್ತು ಡಿ, ಟೀಮ್ಸ್ ಅಂದ್ರೆ ಇನ್ನೊಂದು. ಡಬ್ಬಿಗೆ ಇದ್ಯಾವುದೂ ಬೇಕಿಲ್ಲ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿ ಕೂತಿದ್ದರೂ ಮ್ಯೂಟ್ ಆಗುತ್ತದೆ.

ರೇಡಿಯೋಪ್ರಿಯೆ
ಸಮುದಾಯ ರೇಡಿಯೋದಲ್ಲಿ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ. ಕೆಮ್ಮಿಗೆ ಒತ್ತಿ ಹಿಡಿಯುವ ಗುಂಡಿಯೇ ಸರಿ. ಕೈ ತೆಗೆದರೆ ಮೈಕ್ ತಾನೇ ಬರುತ್ತದೆ, ಮರೆಯುವ ಪ್ರಶ್ನೆಯೇ ಇಲ್ಲ. ಟೈಲ್ಸ್ ಕಟರ್ ಹತ್ತು ನಿಮಿಷ ಕೂಗಿದರೆ ಬೆರಳು ನೋಯುತ್ತದೆ ನಿಜ, ಆದರೆ ಅಷ್ಟು ಹೊತ್ತು ಮ್ಯೂಟ್ ಮಾಡಿಕೊಂಡು ನೀವು ಪಾಠ ಮಾಡುವುದು ಹೇಗೆ? ಅದಕ್ಕೆ ಮೈಕ್ ಬಾಯಿಗೆ ಹತ್ತಿರ ತಂದು ಇಂಟರ್‌ಫೇಸ್‌ನ ಗೇನ್ (ಮೈಕ್ ದನಿ ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಇಳಿಸುವುದೇ ಮದ್ದು, ಸ್ವಿಚ್ ಅಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಗಟ್ಟಿ ಸ್ವಿಚ್‌ನ ಕಟಕ್ ಸದ್ದು ಮೇಜಿನ ಹಲಗೆಯಲ್ಲೇ ಹರಿದು ಸ್ಟ್ಯಾಂಡ್ ಹತ್ತಿ ಮೈಕ್‌ಗೆ ಬರುತ್ತದೆ. ಗಿಟಾರ್ ಪೆಡಲ್‌ಗೆ ಹಾಕುವ ಕಾಲು ಸ್ವಿಚ್ ಅಂತೂ ಬೇಡವೇ ಬೇಡ. ಮೆತ್ತಗಿನ ಗುಂಡಿ ಆರಿಸಿ, ಡಬ್ಬಿ ಕೆಳಗೆ ರಬ್ಬರ್ ಕಾಲು ಅಂಟಿಸಿ.

ಹೊಸಬ_ಶಿರಸಿ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಯುಎಸ್‌ಬಿ ಮೈಕ್. ಆನ್-ಆಫ್ ಸ್ವಿಚ್ ಇರುವ ಯುಎಸ್‌ಬಿ ಕೇಬಲ್ ಸಿಗುತ್ತದಲ್ಲ, ಅದು ಆಗಲ್ವಾ?

ತಂತಿಮನೆ
ಬೇಡ. ಆಫ್ ಮಾಡಿದ ಕೂಡಲೇ ಮೈಕ್ ಕಿತ್ತುಹಾಕಿದ ಹಾಗೆ. ಎಷ್ಟೋ ಸಲ ಝೂಮ್ ಸುಮ್ನೆ ಲ್ಯಾಪ್‌ಟಾಪ್‌ನ ಒಳಗಿನ ಮೈಕ್‌ಗೆ ಹಾರುತ್ತದೆ, ನಿಮ್ಮ ಕೆಮ್ಮು ಆ ದಾರಿಯಲ್ಲಿ ಹೋಗುತ್ತದೆ. ನಿಮಗೆ ಕೀಲಿಮಣೆಯವರು ಹೇಳಿದ ದಾರಿಯೇ ಸರಿ. ಮೊಬೈಲ್ ಹೆಡ್‌ಸೆಟ್ ತಂತಿಗೂ ಈ ಶಾರ್ಟ್ ಉಪಾಯ ಮಾಡಬೇಡಿ. ಅಲ್ಲಿ ಮೈಕ್ ತಂತಿಯನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ಫೋನ್ ಅದನ್ನು ಕಾಲ್ ಗುಂಡಿ ಅಂದುಕೊಳ್ಳುತ್ತದೆ.

ಸಂಜೆಪಾಠ
ಎಲ್ಲರಿಗೂ ಥ್ಯಾಂಕ್ಸ್. ಒತ್ತಿ ಹಿಡಿಯುವುದೇ ಅಂತ ತೀರ್ಮಾನ ಮಾಡಿದೆ. ಸೋಲ್ಡರಿಂಗ್ ಬರುತ್ತದೆ, ನಾನೇ ಮಾಡಿಕೊಳ್ಳುತ್ತೇನೆ. ಒಂದು ಕೆಂಪು ಎಲ್‌ಇಡಿ ಹಾಕಬೇಕು ಅಂತ ಆಸೆ. ಫ್ಯಾಂಟಮ್‌ನಿಂದಲೇ ಉರಿಸಬಹುದಾ?

ತಂತಿಮನೆ
ಆ ಸಾಹಸ ಬೇಡ, ಮೈಕ್ ಲೈನ್‌ಗೆ ಗಲಾಟೆ ಸೇರುತ್ತದೆ. ಎರಡು ಪೋಲ್ ಇರುವ, ಅಂದರೆ ಒಂದೇ ಗುಂಡಿಯಲ್ಲಿ ಎರಡು ಬೇರೆ ಬೇರೆ ಸರ್ಕ್ಯೂಟ್ ನಡೆಸುವ ಸ್ವಿಚ್ ತನ್ನಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಡಿಪಿಡಿಟಿ ಪುಶ್ ಬಟನ್ ಅಂತ ಕೇಳಿ, ಲಾಕ್ ಆಗದ್ದು ಅಂತ ಒತ್ತಿ ಹೇಳಿ. ಒಂದು ಪೋಲ್ 2-3 ಶಾರ್ಟ್‌ಗೆ. ಇನ್ನೊಂದು ಪೋಲ್ ಎಲ್‌ಇಡಿಗೆ, ಅದಕ್ಕೆ ಹಳೇ ಮೊಬೈಲ್ ಚಾರ್ಜರ್‌ನ 5 ವೋಲ್ಟ್, ಸರಣಿಯಲ್ಲಿ 470 ಓಮ್. ಎರಡು ಸರ್ಕ್ಯೂಟ್ ಎಲ್ಲೂ ಮುಟ್ಟಬಾರದು, ಗ್ರೌಂಡ್ ಕೂಡ. ಡಬ್ಬಿ ಲೋಹದ್ದೇ ಇರಲಿ. 1ನೇ ಪಿನ್ (ಮೈಕ್ ಕೇಬಲ್‌ನ ಗ್ರೌಂಡ್) ನೇರ ಆ ಕಡೆಗೆ ಹೋಗಲಿ, ಅದರಿಂದ ಒಂದು ತುಂಡು ತಂತಿ ಡಬ್ಬಿಯ ಮೈಗೂ ಕೊಡಿ. ಮುಚ್ಚುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ: ಗುಂಡಿ ಒತ್ತಿದಾಗ 2 ಮತ್ತು 3 ನಡುವೆ ಬೀಪ್ ಬರಬೇಕು, 1ಕ್ಕೂ ಅವೆರಡಕ್ಕೂ ಬರಬಾರದು.