ಸಹಾಯ ಬೇಕು: ಕರಡಿ ವೇಷದ ತುಪ್ಪಳ ಒರಟಾಗಿದೆ, ಸರಿಪಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವಳು. ನಮ್ಮ ಬಡಾವಣೆಯ ಮಕ್ಕಳ ನಾಟಕಕ್ಕೆಂದು ಹೊಲಿಸಿದ ಕರಡಿ ವೇಷವೊಂದು ನನ್ನ ಜವಾಬ್ದಾರಿಯಲ್ಲಿದ್ದು, ಕಳೆದ ತಿಂಗಳ ಮೂರು ಪ್ರದರ್ಶನಗಳ ಬಳಿಕ ಅದರ ಕಂಕುಳು ಮತ್ತು ಕೊರಳಿನ ಭಾಗದಲ್ಲಿ ಬೆವರಿನ ವಾಸನೆ ಕೂತುಬಿಟ್ಟಿತ್ತು. ತುಪ್ಪಳ ಅಕ್ರಿಲಿಕ್ ನೂಲಿನದು. ಬಿಸಿ ತಾಗಿದರೆ ಎಳೆಗಳ ತುದಿ ಸುರುಟಿ ಮತ್ತೆಂದೂ ನೆಟ್ಟಗಾಗುವುದಿಲ್ಲವಾದ್ದರಿಂದ ಬಿಸಿನೀರನ್ನಾಗಲಿ ಇಸ್ತ್ರಿಪೆಟ್ಟಿಗೆಯನ್ನಾಗಲಿ ಹತ್ತಿರ ಸೇರಿಸಿಲ್ಲ.

ಮೈಭಾಗವನ್ನು ತಣ್ಣೀರಿನಲ್ಲಿ ಸ್ವಲ್ಪವೇ ಲಿಕ್ವಿಡ್ ಸೋಪು ಹಾಕಿ, ಹಿಂಡದೆ, ಅಂಗೈಯಿಂದ ಅದುಮಿ ತೊಳೆದು ನೆರಳಿನಲ್ಲಿ ಒಣಹಾಕಿದೆ. ಆದರೆ ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ, ನಾಲ್ಕು ಸಲ ಜಾಲಿಸಿದರೂ ಎಳೆಗಳ ಬುಡದಲ್ಲಿ ಸಣ್ಣ ಬಿಳಿ ಪುಡಿ ಉಳಿದು, ಬೆರಳಾಡಿಸಿದರೆ ಜಾರಿಹೋಗುತ್ತಿದ್ದ ತುಪ್ಪಳ ಈಗ ತೆಂಗಿನ ನಾರಿನಂತೆ ಕೈಗೆ ಚುಚ್ಚುತ್ತದೆ. ಹಿಡಿದಿಟ್ಟ ಮಳೆನೀರಿನಲ್ಲಿ ಇನ್ನೊಮ್ಮೆ ಜಾಲಿಸಿದರೆ ಸಾಕೇ, ಅಥವಾ ಅದಕ್ಕೆ ಒಂದಿಷ್ಟು ವಿನೆಗರ್ ಬೆರೆಸಬೇಕೇ? ಬಣ್ಣ ಮಾಸುವುದೆಂಬ ಆತಂಕ ನನಗಿದೆ. ಗಂಟು ಬಿಡಿಸಲು ನಾಯಿಗಳಿಗೆ ಬಳಸುವ ತಂತಿಹಲ್ಲಿನ ಬ್ರಷ್ ಉತ್ತಮವೆಂದು ಕೇಳಿದ್ದೇನೆ. ಒದ್ದೆಯಿದ್ದಾಗ ಬಾಚಬೇಕೋ ಒಣಗಿದ ಮೇಲೋ ತಿಳಿಸಿ.

ತಲೆಯ ಭಾಗವೇ ದೊಡ್ಡ ಚಿಂತೆ. ಫೋಮಿನ ಮೇಲೆ ಅಂಟಿನಿಂದ ತುಪ್ಪಳ ಕೂರಿಸಿರುವುದರಿಂದ ಅದನ್ನು ನೀರಿನಲ್ಲಿ ಅದ್ದಿದರೆ ಒಳಗಿನ ತೇವ ಆರದೆ ಬೂಷ್ಟು ಹಿಡಿಯಬಹುದು, ಡ್ರೈಕ್ಲೀನಿಂಗಿಗೆ ಕೊಟ್ಟರೆ ಅಂಟೇ ಬಿಟ್ಟುಕೊಳ್ಳಬಹುದು. ಸದ್ಯಕ್ಕೆ ಒಳಭಾಗಕ್ಕೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ (ರೋಗಾಣು ಕೊಲ್ಲುವ, ಬೇಗ ಆರುವ ದ್ರವ) ಸಿಂಪಡಿಸಿ ಇಡೀ ರಾತ್ರಿ ಫ್ಯಾನಿನ ಎದುರು ಇಡುತ್ತಿದ್ದೇನೆ. ಇದನ್ನು ತೊಡುವವರು ಮಕ್ಕಳಾದ್ದರಿಂದ, ಇದಕ್ಕಿಂತ ಒಳ್ಳೆಯ ವಿಧಾನವನ್ನು ಸ್ವತಃ ಮಾಡಿ ನೋಡಿದವರಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ನವೆಂಬರ್ 14ರ ಮಕ್ಕಳ ದಿನಾಚರಣೆಗೆ ವೇಷ ಸಿದ್ಧವಾಗಬೇಕಿದೆ.